ಗಾಲಿಯೊಳಗಿನ ಬಿಳಿ ಜಿಡ್ಡು

ಹಿಂದಿನ ಗಾಲಿಯ ಡ್ರಮ್ಮು ಮೂರನೆಯ ಪೆಟ್ಟಿಗೆ ಬಾಯಿ ಬಿಟ್ಟಿತು. ಒಳಗಿನಿಂದ ಎದ್ದ ವಾಸನೆಗೆ ಶೇಷಪ್ಪನವರು ಸುತ್ತಿಗೆ ಕೆಳಗಿಟ್ಟು, ಮುಖವನ್ನು ಠಾಣೆಯ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ವಾಸನೆಗೆ ಹೆದರುವ ಉದ್ಯೋಗ ಅವರದಲ್ಲ. ಸರ್ಕಾರಿ ಕಾಗದದಲ್ಲಿ ಅವರು ಮೋಟಾರು ವಾಹನಗಳ ಇನ್ಸ್‌ಪೆಕ್ಟರು; ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು. ಇಪ್ಪತ್ತೆರಡು ವರ್ಷ ಬಸ್ಸು ಲಾರಿಗಳ ಹೊಟ್ಟೆಯಡಿಗೆ ತೂರಿ ಎದ್ದವರು. ಸುಟ್ಟ ಗ್ರೀಸು, ಸೀಮೆಎಣ್ಣೆ, ರಬ್ಬರಿನ ಕಮಟು ಇವೆಲ್ಲ ಅವರ ಷರಟಿನ ಬಟ್ಟೆಯೊಳಗೇ ಇಳಿದುಹೋಗಿದ್ದವು. ಇದು ಅದಲ್ಲ. ದೇವರ ಕೋಣೆಯಲ್ಲಿ ಇಲಿ ಸತ್ತು ನಾಲ್ಕು ದಿನವಾದರೆ ಹೇಗಿರುತ್ತದೋ ಹಾಗಿತ್ತು. ಹಳಸಿದ ಜಿಡ್ಡು, ಅದರ ಮೇಲೆ ಕರ್ಪೂರ.

ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಮತ್ತೆ ಬಗ್ಗಿ ನೋಡಿದರು.

ಡ್ರಮ್ಮಿನ ಒಳಗೋಡೆಯ ಸುತ್ತ ಬೆಳ್ಳಗೆ ಒಂದು ಪೊರೆ ಕಟ್ಟಿತ್ತು. ಹಾಲಿನ ಕೆನೆಯಂತೆ ತೆಳುವಲ್ಲ, ಮೇಣದಂತೆ ಗಟ್ಟಿ. ಬ್ರೇಕಿನ ಎರಡು ಪಟ್ಟಿಗಳ ಮೇಲೂ ಅದೇ. ಉಗುರಿನಿಂದ ಕೆರೆದರೆ ಸುರುಳಿಯಾಗಿ ಎದ್ದುಬಂತು. ಎದ್ದ ಜಾಗದಲ್ಲಿ, ಪಟ್ಟಿಯ ಮೇಲೆ, ಉಪ್ಪು ಕಾಗದ ಹಾಕಿ ತಿಕ್ಕಿದ ಅಡ್ಡಗೆರೆಗಳು ಹೊಚ್ಚ ಹೊಸದಾಗಿ ಕಂಡವು.

ಮೂರು ದಿನದ ಹಿಂದೆ, ಬುಧವಾರ ಬೆಳಿಗ್ಗೆ, ನಿಟ್ಟೂರಿನ ಮಂಜುನಾಥಪ್ಪ ಈ ಮೋಟಾರ್ ಸೈಕಲ್ಲಿನ ಮೇಲೆ ತೀರ್ಥಹಳ್ಳಿಗೆ ಹೊರಟವನು, ಅರಳಸುರಳಿಗೆ ಮೊದಲು ಸಿಗುವ ಇಳಿಜಾರಿನಲ್ಲಿ ಮೋರಿ ಹಾರಿ ಹಳ್ಳಕ್ಕೆ ಬಿದ್ದು ಸತ್ತಿದ್ದ. ಹಿಂದಿನ ದಿನವಷ್ಟೇ ಅದರ ಬ್ರೇಕು, ಕ್ಲಚ್ಚು ನೋಡಿಕೊಟ್ಟವನು ಹೊಸನಗರದ ಮೆಕ್ಯಾನಿಕ್ ಬೆಳ್ಳಪ್ಪ. ಅವನೀಗ ಇದೇ ಠಾಣೆಯ ಸರಳುಗಳ ಹಿಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

ಮೂರು ಗಂಟೆಯ ಬಸ್ಸಿಗೆ ಅವನನ್ನು ಸಾಗರಕ್ಕೆ ಒಯ್ದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನ ಜೊತೆ ಹೋಗಬೇಕಾದ ಕಾಗದ ಒಂದೇ, ಶೇಷಪ್ಪನವರ ವರದಿ. ಅಜಾಗರೂಕತೆ ಎಂದು ಅವರು ಬರೆದರೆ ಒಂದೆರಡು ವರ್ಷ ಜೈಲು. ಬೇಕೆಂದೇ ಮಾಡಿದ್ದು ಎಂದು ಬರೆದರೆ ಕುತ್ತಿಗೆಗೆ ಹಗ್ಗ. ಬೆಳ್ಳಪ್ಪನದಲ್ಲ ಎಂದು ಬರೆಯಬೇಕಾದರೆ ಯಾರದು ಎಂದು ತೋರಿಸಬೇಕು.

ಗಂಟೆ ಹನ್ನೊಂದಾಗಿತ್ತು.

ದಫೇದಾರ ರಾಮಚಂದ್ರಪ್ಪ ಬಂದು ಕುಕ್ಕರುಗಾಲಲ್ಲಿ ಕೂತ. ಸಬ್ ಇನ್ಸ್‌ಪೆಕ್ಟರು ಜೋಗದ ಬಂದೋಬಸ್ತಿಗೆ ಹೋಗಿದ್ದರಿಂದ ಠಾಣೆಯ ಭಾರವೆಲ್ಲ ಅವನ ಹೆಗಲ ಮೇಲಿತ್ತು, ಅದು ಅವನ ನಡಿಗೆಯಲ್ಲೂ ಕಾಣುತ್ತಿತ್ತು. ಅವನು ಚೂರು ಜಿಡ್ಡನ್ನು ಬೆರಳಲ್ಲಿ ತೆಗೆದು, ಹೊಸೆದು, ಮೂಸಿದ. ಮೂಸಿ ನಕ್ಕ.

"ಇದು ಮುರುಗಲು ತುಪ್ಪ ಅಲ್ವಾ ಸಾರ್."

ಬಯಲುಸೀಮೆಯ ಶೇಷಪ್ಪನವರಿಗೆ ಆ ಹೆಸರೇ ಹೊಸದು. ದಫೇದಾರ ವಿವರಿಸಿದ. ಕಾಡಿನ ಮುರುಗಲು ಹಣ್ಣಿನ ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಬಸಿದು ಉಂಡೆ ಕಟ್ಟಿಡುತ್ತಾರೆ. ಸೋಪಿನ ಹಾಗೆ ಗಟ್ಟಿಯಾಗಿರುತ್ತದೆ. ಚಳಿಗಾಲಕ್ಕೆ ಹಿಮ್ಮಡಿ ಒಡೆದರೆ ಕಾಯಿಸಿ ಹಚ್ಚಿಕೊಳ್ಳುತ್ತಾರೆ. ಮಂಡಿನೋವಿನವರು ಕರ್ಪೂರ ಬೆರೆಸಿಕೊಳ್ಳುವುದೂ ಉಂಟು.

"ದೋಸೆಗೂ ಹಾಕ್ತೀವಿ ಸಾರ್" ಎಂದ.

ಶೇಷಪ್ಪನವರು ಬೆಳಿಗ್ಗೆ ತಿಂದ ದೋಸೆಯನ್ನು ನೆನೆಸಿಕೊಂಡರು.

ಅವರು ಎದ್ದು, ಠಾಣೆಯ ಒಲೆಯ ಮೇಲಿದ್ದ ಕಾಫಿ ಪಾತ್ರೆಯನ್ನು ಇಳಿಸಿ, ಒಂದು ಚಮಚದಲ್ಲಿ ಆ ಜಿಡ್ಡನ್ನಿಟ್ಟು ಬೆಂಕಿಗೆ ಹಿಡಿದರು. ಮೂರು ಎಣಿಸುವಷ್ಟರಲ್ಲಿ ಅದು ಕರಗಿ ನೀರಾಯಿತು. ಹೊರಗಿನ ಚಳಿಗೆ ಕಿಟಕಿಯ ಮೇಲಿಟ್ಟರು. ಹತ್ತು ನಿಮಿಷಕ್ಕೆ ಮತ್ತೆ ಬಿಳಿ ಪೊರೆ.

ಅವರಿಗೆ ಕೊಲೆ ಅರ್ಥವಾಯಿತು.

ಕೊಲೆಗಾರ ತುಪ್ಪವನ್ನು ಬ್ರೇಕಿನ ಪಟ್ಟಿಗೆ ಸವರಿರಲಿಲ್ಲ. ಸವರಿದ್ದರೆ ಮನೆಯ ಮುಂದೆಯೇ ಬ್ರೇಕು ಜಾರಿ ಗುಟ್ಟು ರಟ್ಟಾಗುತ್ತಿತ್ತು. ಪಟ್ಟಿಗಳ ಹಿಂದಿನ ಸಂದಿಯಲ್ಲಿ, ಗಾಲಿಯ ನಡುವಿನ ಅಚ್ಚಿನ ಸುತ್ತ, ಉಂಡೆ ಉಂಡೆಯಾಗಿ ಮೆತ್ತಿದ್ದ. ಪುಷ್ಯದ ಚಳಿಯಲ್ಲಿ ಅದು ಕಲ್ಲಿನ ಹಾಗೆ ಕೂತಿತ್ತು. ಸಮತಟ್ಟು ರಸ್ತೆಯಲ್ಲಿ ಬ್ರೇಕು ಹೇಳಿದಂತೆ ಕೇಳಿತ್ತು. ಇಳಿಜಾರಿನಲ್ಲಿ ಒಂದೇ ಸಮನೆ ಒತ್ತಿದಾಗ ಡ್ರಮ್ಮು ಕಾದಿತ್ತು, ತುಪ್ಪ ಕರಗಿತ್ತು, ತಿರುಗುವ ಗಾಲಿ ಅದನ್ನು ತಾನೇ ಎರಚಿಕೊಂಡಿತ್ತು. ಮುಂದಿನ ಬ್ರೇಕನ್ನು ಜಲ್ಲಿ ರಸ್ತೆಯಲ್ಲಿ ಯಾರೂ ಗಟ್ಟಿಯಾಗಿ ಹಿಡಿಯುವುದಿಲ್ಲ.

ಕರಗಿದ್ದು ಸೋರಿ ಹೋಗುತ್ತದೆ, ಗುರುತು ಉಳಿಯುವುದಿಲ್ಲ ಎಂದು ಅವನ ಲೆಕ್ಕ. ಆದರೆ ಗಾಡಿ ಹಳ್ಳಕ್ಕೆ ಬಿತ್ತು. ಒಂದು ಹಗಲು ಒಂದು ರಾತ್ರಿ ತಣ್ಣೀರಿನಲ್ಲಿ ಮುಳುಗಿತ್ತು. ತುಪ್ಪ ಇದ್ದಲ್ಲೇ ಹೆಪ್ಪುಗಟ್ಟಿ ಸಾಕ್ಷಿ ಹೇಳಲು ಕೂತಿತು.

ಹಿಮ್ಮಡಿಗೆ ಹಚ್ಚುವುದನ್ನು, ನಾಲಿಗೆಗೆ ಹಚ್ಚುವುದನ್ನು ಮನುಷ್ಯನ ಸಾವಿಗೂ ಹಚ್ಚಿದ್ದರು. ಶೇಷಪ್ಪನವರು ಬಕೆಟ್ಟಿನಲ್ಲಿ ಕೈ ಅದ್ದಿ ಎರಡು ಸಲ ಸೋಪು ಹಾಕಿ ತೊಳೆದರು. ಬೆರಳ ತುದಿ ಮತ್ತೂ ಜಾರುತ್ತಲೇ ಇತ್ತು.

ಗೇರು ಪೆಟ್ಟಿಗೆಯನ್ನೂ ಮುಟ್ಟಿ ನೋಡಿದರು. ಯಾವ ಗೇರಿನಲ್ಲೂ ಇರಲಿಲ್ಲ. ಎಂಜಿನ್ನಿನ ಸ್ವಿಚ್ಚು ಬಂದಾಗಿತ್ತು. ಪೆಟ್ರೋಲು ಉಳಿಸುವುದಕ್ಕೆಂದು ಇಳಿಜಾರು ಬಂದ ತಕ್ಷಣ ಎಂಜಿನ್ನು ನಿಲ್ಲಿಸಿ, ಗೇರು ತಪ್ಪಿಸಿ, ಸುಮ್ಮನೆ ಜಾರಿಬಿಡುವುದು ಈ ಸೀಮೆಯ ಸವಾರರ ಚಾಳಿ. ಹಾಗೆ ಇಳಿಯುವವನಿಗೆ ಬ್ರೇಕು ಬಿಟ್ಟರೆ ದೇವರೇ ಗತಿ. ಸತ್ತವನ ಈ ಚಾಳಿ ಕೊಲೆಗಾರನಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಒಳಗೆ ಹೋಗಿ ಸರಳಿನ ಮುಂದೆ ಸ್ಟೂಲು ಎಳೆದುಕೊಂಡರು.

ಬೆಳ್ಳಪ್ಪನಿಗೆ ಮೂವತ್ತರ ಪ್ರಾಯ. ಮಾತು ಕಡಿಮೆ, ಬೆರಳುಗಳು ಉದ್ದ. ಮಂಗಳವಾರ ಏನೇನು ಮಾಡಿದೆ ಎಂದು ಕೇಳಿದರೆ ನಿತ್ಯದ ಪೂಜೆ ಹೇಳುವವನಂತೆ ಒಂದೊಂದಾಗಿ ಹೇಳಿದ. ಎರಡು ಗಾಲಿ ಬಿಚ್ಚಿದ್ದು, ಡ್ರಮ್ಮಿನ ಧೂಳು ಒಣ ಬಟ್ಟೆಯಿಂದ ಒರೆಸಿದ್ದು, ಪಟ್ಟಿಗಳ ಮೇಲಿನ ಹೊಳಪು ಹೋಗುವ ತನಕ ಉಪ್ಪು ಕಾಗದ ತಿಕ್ಕಿದ್ದು, ಕ್ಲಚ್ಚಿನ ತಂತಿಯನ್ನು ಕವಚದಿಂದ ಎಳೆದು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಟ್ಟದ್ದು.

"ಕ್ಲಚ್ಚಿನ ಹಿಡಿಕೆ ಬುಡದಲ್ಲಿ ಎರಡು ನಯಾಪೈಸೆ ಬಿಲ್ಲೆ ಜಾರುವಷ್ಟು ಸಡಿಲ ಇರ್ಬೇಕು ಸಾರ್" ಎಂದ. "ಕಮ್ಮಿ ಆದ್ರೆ ಪ್ಲೇಟು ಸುಡ್ತದೆ. ಜಾಸ್ತಿ ಆದ್ರೆ ಗೇರು ಕಿರುಚ್ತದೆ."

ಶೇಷಪ್ಪನವರು ಆಗಲೇ ಬಿಲ್ಲೆ ಹಾಕಿ ನೋಡಿದ್ದರು. ಅಷ್ಟು ದೊಡ್ಡ ಪೆಟ್ಟು ತಿಂದ ಮೇಲೂ ಹಿಡಿಕೆಯ ಬುಡದಲ್ಲಿ ಬಿಲ್ಲೆ ಮೆತ್ತಗೆ ಕೂತಿತ್ತು. ಕ್ಲಚ್ಚಿಗೆ ಬಿಲ್ಲೆ ಹಿಡಿದು ಅಳೆಯುವವನು ಬ್ರೇಕಿಗೆ ತುಪ್ಪ ಮೆತ್ತುತ್ತಾನೆಯೇ? ಮೆತ್ತಬಲ್ಲ ಎಂದೂ ಅವರ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಗೊತ್ತಿದ್ದವನಿಗೇ ಸುಲಭ.

ಬಿಡಿಸದೆ ಹಿಂದಿನ ಗಾಲಿ ಕಳಚಲಾಗದ, ಬ್ರೇಕಿನ ಕಂಬಿಯ ಕೊನೆಯ ನಟ್ಟಿನ ವಿಷಯ ಕೇಳಿದರು. ಬೆಳ್ಳಪ್ಪ ಮೊದಲ ಸಲ ತಲೆ ಎತ್ತಿದ. ತಾನು ಬಿಗಿ ಸರಿಮಾಡಿದ ಪ್ರತಿ ಗಾಡಿಗೂ ನಟ್ಟಿನಿಂದ ಕಂಬಿಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ, ಬೇರೆ ಯಾರಾದರೂ ತಿರುಗಿಸಿದರೆ ಗೆರೆ ತಪ್ಪುತ್ತದೆ, ಆಮೇಲೆ ತನ್ನ ಮೇಲೆ ದೂರು ಹೇಳುವಂತಿಲ್ಲ ಎಂದ. ಬಸ್ಸಿನ ಬೋರ್ಡು ಬರೆಯುವ ಬಣ್ಣ. ಒಣಗುವುದಕ್ಕೆ ಒಂದು ರಾತ್ರಿ ಬೇಕು. ಮಂಗಳವಾರ ಸಂಜೆ ಐದಕ್ಕೆ ಮಂಜುನಾಥಪ್ಪ ಗಾಡಿ ಒಯ್ಯುವಾಗ ಇನ್ನೂ ಹಸಿಯಾಗಿತ್ತು.

ಗೆರೆ ತಪ್ಪಿತ್ತು. ಕಂಬಿಯ ಮೇಲಿನ ಗೆರೆ ಒಂದು ಕಡೆ, ನಟ್ಟಿನದು ಇನ್ನೊಂದು ಕಡೆ. ಜೊತೆಗೆ ನಟ್ಟಿನ ಮೇಲಿನ ಬಣ್ಣ ಹೆಬ್ಬೆರಳಲ್ಲಿ ಒರೆಸಿದ ಹಾಗೆ ಬಳಿದುಹೋಗಿತ್ತು. ಹಾಗಾದರೆ ಬಣ್ಣ ಹಸಿ ಇರುವಾಗಲೇ, ಮಂಗಳವಾರ ಸಂಜೆ ಐದರ ನಂತರ, ಯಾರೋ ಹಿಂದಿನ ಗಾಲಿ ಬಿಚ್ಚಿ ಮತ್ತೆ ಜೋಡಿಸಿದ್ದರು.

ಶೇಷಪ್ಪನವರು ಕೊನೆಯದಾಗಿ ಚಮಚವನ್ನು ಸರಳಿನ ಸಂದಿಯಲ್ಲಿ ಹಿಡಿದು, ಇದು ನಿನ್ನ ಅಂಗಡಿಯಲ್ಲಿ ಯಾವತ್ತಾದರೂ ಇತ್ತೇ ಎಂದು ಕೇಳಿದರು.

"ಇಲ್ಲ ಸಾರ್" ಎಂದ ಬೆಳ್ಳಪ್ಪ. "ತಿನ್ನೋದನ್ನ ನಾನು ಗಾಡಿಗೆ ಹಾಕಲ್ಲ."

ಕಣ್ಣಿಗೆ ಕಣ್ಣಿಟ್ಟು ಹೇಳಿದ. ಶೇಷಪ್ಪನವರು ನಂಬಿದರು. ಎರಡು ದಿನದಲ್ಲಿ ಅವರು ನಂಬಿದ ಮೊದಲ ಮಾತು ಅದು.

ಹನ್ನೆರಡೂವರೆಗೆ ಠಾಣೆಯ ಮುಂದೆ ಕಪ್ಪು ಬಾಡಿಗೆ ಕಾರೊಂದು ನಿಂತಿತು. ಸತ್ತವನ ಅಣ್ಣ ಹೂವಪ್ಪಗೌಡ ಇಳಿದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಜಲಜಮ್ಮ ಗಾಜಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಫಿರ್ಯಾದಿನ ಕಾಗದಕ್ಕೆ ಅವರ ಹೆಬ್ಬೆಟ್ಟು ಬೇಕಾಗಿತ್ತು.

ಹೂವಪ್ಪ ನೇರವಾಗಿ ಒಳಗೆ ಬಂದು ಸಬ್ ಇನ್ಸ್‌ಪೆಕ್ಟರ ಕುರ್ಚಿಯಲ್ಲಿ ಕೂತ. ದಫೇದಾರ ಅವನಿಗೆ ಕಾಫಿ ತಂದುಕೊಟ್ಟ. ಕೊಡುವಾಗ ಎರಡು ಕೈಯಲ್ಲಿ ಕೊಟ್ಟ. ಹೂವಪ್ಪ ಲೋಟ ತುಟಿಗೆ ಕಚ್ಚಿಕೊಂಡು ಸೊರ್ರೆಂದು ಹೀರಿದ. ಕಾಫಿಯ ಕೆನೆ ಮೀಸೆಗೆ ಜೋತುಬಿತ್ತು. ನಾಲಿಗೆ ಚಾಚಿ ಅದನ್ನು ಒಳಗೆಳೆದುಕೊಂಡ.

ಶೇಷಪ್ಪನವರು ಕಿಟಕಿಯ ಕಡೆ ನೋಡಿದರು.

ವರದಿ ಬರೆದಾಯಿತೇ ಎಂದು ಅವನು ವಿಚಾರಿಸಿದ. ತಡವಾದರೆ ಬಸ್ಸು ತಪ್ಪುತ್ತದೆ, ತಮ್ಮನ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ಈ ಮೆಕ್ಯಾನಿಕ್ಕು ಜೈಲು ಸೇರಬೇಕು ಎಂದ. ಧ್ವನಿಯಲ್ಲಿ ದುಃಖವಿತ್ತು. ಅಳತೆ ನೋಡಿ ಹಾಕಿದ ದುಃಖ.

ಮಂಜುನಾಥಪ್ಪ ಅವತ್ತು ತೀರ್ಥಹಳ್ಳಿಗೆ ಯಾಕೆ ಹೊರಟಿದ್ದ ಎಂದು ಶೇಷಪ್ಪನವರು ಕೇಳಿದರು. ಅಡಿಕೆ ಮಂಡಿಗೆ ಎಂದ ಹೂವಪ್ಪ. ಶೇಷಪ್ಪನವರು ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟರು. ಹೆಣದ ಜೇಬಿನಲ್ಲಿ ಸಿಕ್ಕಿ, ಒದ್ದೆಯಾಗಿ, ಒಣಗಿ ಹಪ್ಪಳದಂತಾದ ಕಾಗದ. ರಿಜಿಸ್ಟ್ರಾರ್ ಕಚೇರಿಯ ಮದುವೆ ನೋಟೀಸು. ಗಂಡಿನ ಹೆಸರು ಮಂಜುನಾಥಪ್ಪ. ಹೆಣ್ಣಿನ ಹೆಸರು ಹುಲಿಗೆಮ್ಮ. ತೀರ್ಥಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಬೇರೆ ಜಾತಿಯ ವಿಧವೆ. ನೋಟೀಸಿನ ಮೂವತ್ತು ದಿನ ಮಂಗಳವಾರಕ್ಕೆ ಮುಗಿದಿತ್ತು. ಬುಧವಾರ ಅವರ ಮದುವೆ.

ಹೂವಪ್ಪ ಕಾಗದವನ್ನು ಮುಟ್ಟಲಿಲ್ಲ. ಮೈಲಿಗೆಯಾದೀತು ಎನ್ನುವವನಂತೆ ಲೋಟದ ತಳದಿಂದ ಅದನ್ನು ಒಂದಿಷ್ಟು ಆಚೆ ಸರಿಸಿದ.

"ಆ ಹೆಂಗಸಿನ ಹೆಸರು ಈ ಬಾಯಲ್ಲಿ ಬರಲ್ಲ ಸ್ವಾಮಿ" ಎಂದ. "ತಮ್ಮ ಹೋದ. ಕರುಳು ಕಿತ್ತು ಬರ್ತದೆ. ಆದ್ರೆ ಒಂದು ಮಾತು ಹೇಳ್ತೀನಿ, ಮನೆ ಮಾನ ಉಳೀತು."

ಹೇಳಿ ಕಾಫಿಯ ಕೊನೆಯ ಗುಟುಕು ಕುಡಿದ.

ಶೇಷಪ್ಪನವರಿಗೆ ಡ್ರಮ್ಮಿನ ವಾಸನೆಯೇ ವಾಸಿ ಎನ್ನಿಸಿತು. ಅದು ತಾನು ಏನು ಎಂಬುದನ್ನಾದರೂ ಮುಚ್ಚಿಡುವುದಿಲ್ಲ.

ಗಾಡಿ ಮಂಗಳವಾರ ರಾತ್ರಿ ಎಲ್ಲಿ ನಿಂತಿತ್ತು ಎಂದು ಕೇಳಿದರು. ಮನೆಯ ಪಕ್ಕದ ಚಪ್ಪರದಲ್ಲಿ. ಮನೆಯಲ್ಲಿ ಗಾಡಿ ಬಿಚ್ಚಲು ಬರುವವರು ಯಾರು? ಯಾರೂ ಇಲ್ಲ, ತಮ್ಮನನ್ನು ಬಿಟ್ಟರೆ ಸ್ಪ್ಯಾನರು ಹಿಡಿಯುವವರೇ ಇಲ್ಲ ಎಂದ ಹೂವಪ್ಪ. ಸ್ಪ್ಯಾನರು ಇದೆಯಲ್ಲ, ಎಂದರು ಶೇಷಪ್ಪನವರು. ತಮ್ಮನ ಪೆಟ್ಟಿಗೆಯಲ್ಲಿ ಇರಬಹುದು, ಎಂದ.

ಆಗ ಅವರ ಕಣ್ಣು ಅವನ ಬಲಗೈ ಹೆಬ್ಬೆರಳಿನ ಮೇಲೆ ನಿಂತಿತು. ಸಾವಿನ ಮನೆಯವರು ಹನ್ನೊಂದು ದಿನ ಉಗುರು ತೆಗೆಯುವುದಿಲ್ಲ. ಹೂವಪ್ಪನ ಉಗುರು ಬೆಳೆದಿತ್ತು. ಅದರ ಅಂಚಿನಲ್ಲಿ, ಚರ್ಮ ಕೂಡುವ ಕಡೆ, ಕೆಂಪು ಕಚ್ಚಿಕೊಂಡಿತ್ತು.

"ಗೌಡ್ರೇ, ಉಗುರಿಗೆ ಏನಾಗಿದೆ?"

ಹೂವಪ್ಪ ಬೆರಳನ್ನು ನೋಡಿಕೊಂಡ. ಮಡಿಸಲಿಲ್ಲ. ಮಡಿಸಿದರೆ ತಪ್ಪೊಪ್ಪಿದಂತೆ ಎಂದು ತಿಳಿಯುವಷ್ಟು ಅವನು ಜಾಣ.

"ಕುಂಕುಮ. ದೇವರ ಪೂಜೆ ಮಾಡ್ತೀವಲ್ಲ."

"ಸೂತಕದ ಮನೇಲಿ?"

ದಫೇದಾರ ಗೋಡೆಗೆ ಒರಗಿದ್ದವನು ನೆಟ್ಟಗಾದ. ಸಾವಿನ ಮನೆಯಲ್ಲಿ ದೇವರ ದೀಪ ಹಚ್ಚುವುದಿಲ್ಲ, ಕುಂಕುಮದ ಬಟ್ಟಲು ಮುಟ್ಟುವುದಿಲ್ಲ. ಇದು ಈ ಸೀಮೆಯ ಮಗುವಿಗೂ ಗೊತ್ತು.

ಹೂವಪ್ಪನ ಮುಖದಲ್ಲಿ ನಗುವಿನಂಥದೊಂದು ಹರಿದಾಡಿತು.

"ಗಾಡಿ ಬಂದ ಸಂಜೆ ನಟ್ಟು ಮುಟ್ಟಿ ನೋಡಿದ್ದೆ. ಕೆಂಪಗೆ ಎಂತದೋ ಇತ್ತು. ಮುಟ್ಟಿದ್ದು ತಪ್ಪಾ? ಮನೇದೇ ಗಾಡಿ."

"ಮುಟ್ಟಿದಿರೋ, ತಿರುಗಿಸಿದಿರೋ?"

"ನೀವು ನೋಡಿದ್ರಾ?"

ಶೇಷಪ್ಪನವರು ಚಮಚವನ್ನು ಮೇಜಿನ ಮೇಲಿಟ್ಟು ಅವನ ಕಡೆಗೆ ತಳ್ಳಿದರು. ಬಿಸಿಲು ಬಿದ್ದು ಅದರ ಅಂಚು ಕರಗಲು ಶುರುವಾಗಿತ್ತು. ಕರ್ಪೂರದ ವಾಸನೆ ಕೋಣೆಯೆಲ್ಲ ಹಬ್ಬಿತು. ಇದು ಯಾವ ಮೆಕ್ಯಾನಿಕ್ಕಿನ ಅಂಗಡಿಯಲ್ಲೂ ಸಿಗುವುದಿಲ್ಲ, ಮನೆಯ ಕಪಾಟಿನಿಂದ ಬಂದದ್ದು, ಕರ್ಪೂರ ಬೆರೆಸಿದ್ದು, ಮಂಡಿನೋವಿನವರದು ಎಂದರು. ನಿಮ್ಮ ಮನೆಯಲ್ಲಿ ಮಂಡಿನೋವು ಯಾರಿಗಿದೆ ಎಂದು ಕೇಳಿದರು.

ಅಣ್ಣನಾದವನು ಇಲ್ಲಿ ಬೆವರುತ್ತಾನೆ, ತಡವರಿಸುತ್ತಾನೆ ಎಂದು ಅವರು ಕಾದಿದ್ದರು. ಹೂವಪ್ಪ ತಡವರಿಸಲಿಲ್ಲ. ಚಮಚವನ್ನು ಮೂಗಿನ ಹತ್ತಿರ ತಂದು ಮೂಸಿ, ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡ.

"ಇದು ನಮ್ಮವ್ವಂದು" ಎಂದ. "ಡಬ್ಬಿ ಅವಳ ಹಾಸಿಗೆ ತಲೆದೆಸೇಲಿ ಇರ್ತದೆ. ನನ್ನೆಂತ ಕೇಳ್ತೀರಿ, ಅವ್ವನ್ನೇ ಕೇಳಿ."

ನೀರು ಕೇಳಿದವರಿಗೆ ಬಾವಿ ತೋರಿಸುವಷ್ಟು ಸಲೀಸಾಗಿ ಹೆತ್ತವಳನ್ನು ತೋರಿಸಿದ. ಕೊಂದವರನ್ನು ಶೇಷಪ್ಪನವರು ಹಿಂದೆಯೂ ಕಂಡಿದ್ದರು. ಕೊಂದು, ಕೈ ಒರೆಸಿ, ಆ ಬಟ್ಟೆಯನ್ನು ತಾಯಿಯ ಮಡಿಲಿಗೆ ಹಾಕುವವನನ್ನು ಇದೇ ಮೊದಲು ಕಾಣುತ್ತಿದ್ದರು.

ದಫೇದಾರ ಹೊರಗೆ ಹೋಗಿ ಜಲಜಮ್ಮನವರನ್ನು ಕರೆತಂದ. ಬರುವಾಗ ಅವರು ಬೆಳ್ಳಪ್ಪನ ಸರಳುಗಳ ಮುಂದೆ ಒಂದು ಗಳಿಗೆ ನಿಂತು, ಶಾಪ ಹಾಕುವವರ ಹಾಗೆ ಏನೋ ಪಿಸುಗುಟ್ಟಿ ಬಂದರು.

ಕುಳ್ಳಗೆ, ತೆಳ್ಳಗೆ, ಮಂಡಿ ಮಡಿಸಲಾರದೆ ಒಂದೊಂದೇ ಹೆಜ್ಜೆ ಎತ್ತಿಡುವ ಮುದುಕಿ. ಅತ್ತು ಅತ್ತು ಕಣ್ಣು ಬತ್ತಿತ್ತು. ಶೇಷಪ್ಪನವರು ಎದ್ದು ತಮ್ಮ ಸ್ಟೂಲನ್ನೇ ಕೊಟ್ಟರು. ಮಗ ಕುರ್ಚಿಯಿಂದ ಏಳಲಿಲ್ಲ.

ಅವರ ಮೈಯಿಂದಲೂ ಕರ್ಪೂರ ಸುಳಿಯಿತು.

ಹೇಗೆ ಕೇಳುವುದೆಂದು ಶೇಷಪ್ಪನವರಿಗೆ ತಿಳಿಯಲಿಲ್ಲ. ಒಬ್ಬ ಮಗ ಮಣ್ಣಿಗೆ ಹೋಗಿ ಮೂರು ದಿನ. ಇನ್ನೊಬ್ಬ ಮಗನ ಕುತ್ತಿಗೆಗೆ ಇವರ ಬಾಯಿಂದಲೇ ಹಗ್ಗ ಹಾಕಿಸಬೇಕು. ಚಮಚ ತೋರಿಸಿ, ಅಮ್ಮಾ, ಈ ತುಪ್ಪ ನಿಮ್ಮದೇ, ಮಂಗಳವಾರ ಸಂಜೆ ಇದನ್ನು ಡಬ್ಬಿಯಿಂದ ಯಾರು ತೆಗೆದರು ಎಂದಷ್ಟೇ ಕೇಳಿದರು.

ಜಲಜಮ್ಮ ಚಮಚ ನೋಡಿದರು. ಮಗನನ್ನು ನೋಡಲಿಲ್ಲ.

"ನಂದೇ. ನಾನೇ ಕರ್ಪೂರ ಹಾಕಿದ್ದು" ಎಂದರು. "ತೆಗೆದದ್ದು ಯಾರೂ ಅಲ್ಲ. ನಾನೇ ಕೈಯಾರೆ ಕೊಟ್ಟೆ."

"ಯಾರಿಗಮ್ಮಾ?"

"ಬೆಳ್ಳಪ್ಪಂಗೆ. ಮಂಗಳವಾರ ಮಧ್ಯಾಹ್ನ ಮನೆಗೆ ಬಂದಿದ್ದ. ಗಾಲಿ ಕಿರ್ ಅಂತದೆ ಅಮ್ಮಾ, ಒಂಚೂರು ಮುರುಗಲು ತುಪ್ಪ ಕೊಡಿ ಅಂದ. ಎರಡು ಉಂಡೆ ಕೊಟ್ಟೆ. ಮಗನ ಗಾಡಿಗೆ ಒಳ್ಳೇದಾಗ್ಲಿ ಅಂತ ಕೊಟ್ಟೆ ಸ್ವಾಮಿ. ನಂಗೆಂತ ಗೊತ್ತು?"

ದಫೇದಾರನ ಪೆನ್ನು ಕಾಗದದ ಮೇಲೆ ಕರಕರ ಓಡಿತು.

ಶೇಷಪ್ಪನವರು ನಿಂತಲ್ಲೇ ನಿಂತರು. ಬೆಳಿಗ್ಗೆ ಈ ಠಾಣೆಯಲ್ಲಿ ಬೆಳ್ಳಪ್ಪನ ಮೇಲೆ ಇದ್ದದ್ದು ಕೆಲಸದಲ್ಲಿ ಕಣ್ತಪ್ಪಿದ ಆಪಾದನೆ ಮಾತ್ರ. ಡ್ರಮ್ಮು ಬಿಚ್ಚಿದವರು ಇವರು. ಜಿಡ್ಡು ಕೆರೆದವರು ಇವರು. ಒಲೆಯ ಮೇಲೆ ಕಾಯಿಸಿ, ಕೊಲೆ ಹೇಗೆ ನಡೆಯಿತೆಂದು ಕಂಡುಹಿಡಿದವರು ಇವರು. ಈಗ ಸತ್ತವನ ತಾಯಿ ಆ ಕೊಲೆಗೆ ಒಂದು ಕೈ ಒದಗಿಸಿಕೊಟ್ಟಿದ್ದರು, ಬೆಳ್ಳಪ್ಪನ ಕೈ. ಯಾವ ನ್ಯಾಯಾಧೀಶ ಈ ಬತ್ತಿದ ಕಣ್ಣನ್ನು ನಂಬದೆ ಇರುತ್ತಾನೆ?

ಸುಳ್ಳು ಎಂದು ಅವರ ಮೈಯ ಕೂದಲು ಕೂದಲೂ ಹೇಳಿತು. ಮಂಗಳವಾರ ಮಧ್ಯಾಹ್ನ ಬೆಳ್ಳಪ್ಪ ಗಾಲಿ ಬಿಚ್ಚಿಕೊಂಡು ತನ್ನ ಅಂಗಡಿಯ ಮುಂದೆ ಕೂತಿದ್ದ. ಹೊಸನಗರದ ಪೇಟೆಯೇ ಅವನನ್ನು ಕಂಡಿತ್ತು. ನಿಟ್ಟೂರು ಪಕ್ಕದ ಬೀದಿಯಲ್ಲ, ನೆನೆಸಿಕೊಂಡಾಗ ಹೋಗಿಬರುವುದಕ್ಕೆ. ಉಳಿದ ಮಗನನ್ನು ಉಳಿಸಿಕೊಳ್ಳಲು ತಾಯಿ ಸುಳ್ಳು ಹೇಳುತ್ತಾಳೆ. ಹೇಳಲಿ. ಆದರೆ ಸತ್ತ ಮಗನ ಹೆಸರಿನಲ್ಲಿ, ಮೂರನೆಯ ದಿನಕ್ಕೆ, ಇಷ್ಟು ಸ್ಪಷ್ಟವಾಗಿ? ಕರುಳು ಎಂಬುದು ಇಷ್ಟು ಅಸಹ್ಯವೂ ಆಗಬಲ್ಲದು ಎಂದು ಅವರಿಗೆ ಗೊತ್ತಿರಲಿಲ್ಲ.

ಅವರು ಸರಳುಗಳ ಹತ್ತಿರ ಹೋದರು. ಇವನು ಒಂದು ಮಾತು ಇಲ್ಲ ಎಂದರೆ ಸಾಕು. ಅಂಗಡಿಯ ಎದುರಿನ ಹೋಟೆಲಿನವನು, ಅಂಚೆಯವನು, ಯಾರಾದರೂ ಬಂದು ಸಾಕ್ಷಿ ಹೇಳುವಂತೆ ತಾವು ಮಾಡಬಲ್ಲರು. ಮೂರು ಗಂಟೆಗೆ ಇನ್ನೂ ಸಮಯವಿತ್ತು.

"ಬೆಳ್ಳಪ್ಪ, ಅಮ್ಮ ಹೇಳಿದ್ದು ಕೇಳಿಸಿತಲ್ಲ. ಮಂಗಳವಾರ ನೀನು ನಿಟ್ಟೂರಿಗೆ ಹೋಗಿದ್ದೆಯಾ?"

ಬೆಳ್ಳಪ್ಪ ಎದ್ದು ನಿಂತ. ಬೆಳಿಗ್ಗೆ ಅವರ ಕಣ್ಣಿಗೆ ಕಣ್ಣಿಟ್ಟು ಮಾತನಾಡಿದವನು ಈಗ ಅವರ ಷರಟಿನ ಗುಂಡಿ ನೋಡುತ್ತಿದ್ದ.

"ಹೌದು ಸಾರ್."

"ಏನು ಹೌದು?"

"ಅಮ್ಮ ಹೇಳಿದ್ದು ನಿಜ. ತುಪ್ಪ ಇಸ್ಕೊಂಡು ಬಂದಿದ್ದು ನಾನೇ. ಹಾಕಿದ್ದೂ ನಾನೇ."

"ಯಾವ ಬಸ್ಸಿಗೆ ಹೋದೆ?"

ಬೆಳ್ಳಪ್ಪನಿಗೆ ಬಸ್ಸಿನ ಹೆಸರು ಹೊಳೆಯಲಿಲ್ಲ. ಉದ್ದನೆಯ ಬೆರಳುಗಳು ಸರಳನ್ನು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಶೇಷಪ್ಪನವರಿಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಿಲ್ಲೆ ಹಿಡಿದು ಕ್ಲಚ್ಚು ಅಳೆಯುವವನು ತನ್ನ ಕುತ್ತಿಗೆಯನ್ನು ಅಳತೆಯಿಲ್ಲದೆ ಒಪ್ಪಿಸುತ್ತಿದ್ದ. ಇಡೀ ಠಾಣೆಯಲ್ಲಿ ಹೇಸಿಗೆ ತಾಗದೆ ಉಳಿದಿದ್ದ ಒಂದೇ ಮುಖ ಇದು ಎಂದು ಅವರು ತಿಳಿದಿದ್ದರು. ಅದೂ ಸುಳ್ಳು ಹೇಳಿತ್ತು. ಬೆಳಿಗ್ಗೆ ಅಲ್ಲ, ಈಗ.

ದಫೇದಾರ ಕಾಗದದ ಮೇಲಿಂದ ತಲೆಯೆತ್ತದೆ ಬರೆಯುತ್ತಲೇ ಇದ್ದ. ಒಪ್ಪಿಕೊಂಡವನ ಮಾತು ತಪ್ಪಿಹೋಗಬಾರದಲ್ಲ.

ಬೆಳ್ಳಪ್ಪ ಸರಳಿಗೆ ಹಣೆ ಒತ್ತಿ, ಶೇಷಪ್ಪನವರ ಭುಜದ ಮೇಲಿನಿಂದ ಒಳಕೋಣೆಯ ಕಡೆಗೆ, ಬೇಡುವವನ ಧ್ವನಿಯಲ್ಲಿ ಹೇಳಿದ.

"ನಾನು ಹೇಳಿದ್ದಾಯ್ತಲ್ಲ. ಇನ್ನು ನನ್ ಹೆಂಡ್ತಿ ವಿಶಾಲೀನ ಮನೆಗೆ ಕಳ್ಸಿ."

ಶೇಷಪ್ಪನವರು ಗರಕ್ಕನೆ ತಿರುಗಿ ಹೂವಪ್ಪನನ್ನು ನೋಡಿದರು.

ಹೂವಪ್ಪನ ಬಾಯಿ ಅರೆ ತೆರೆದಿತ್ತು. ಒಂದು ಗಂಟೆಯಿಂದ ಶೇಷಪ್ಪನವರು ಅಸಹ್ಯಪಡುತ್ತಿದ್ದ ಆ ಮುಖದಲ್ಲಿ ಮೊದಲ ಸಲ ಒಂದು ನಿಜ ಕಾಣಿಸಿಕೊಂಡಿತ್ತು. ಅವನಿಗೆ ಗೊತ್ತಿರಲಿಲ್ಲ.

"ಯಾವ ಹೆಂಡ್ತಿ?" ಎಂದ ಹೂವಪ್ಪ. ಕೇಳಿದ್ದು ಬೆಳ್ಳಪ್ಪನನ್ನಲ್ಲ. "ಅವ್ವಾ, ಇವನು ಎಂತ ಹೇಳ್ತಿದಾನೆ?"

ಜಲಜಮ್ಮ ಸ್ಟೂಲಿನಿಂದ ಎದ್ದರು. ಯಾರ ಆಸರೆಯನ್ನೂ ಹಿಡಿಯಲಿಲ್ಲ. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಬಾಗಿಲಿನ ಕಡೆ ಹೆಜ್ಜೆ ಹಾಕಿದರು.

"ಹೊತ್ತಾಯ್ತು ಹೂವ" ಎಂದರು. "ಕಾರು ತಿರುಗ್ಸಕ್ಕೆ ಹೇಳು. ಅಟ್ಟದ ಕೋಣೇಲೊಂದು ಹೊಟ್ಟೆ ನಿನ್ನೆಯಿಂದ ಹಸ್ಕೊಂಡು ಕೂತಿದೆ."